ಕಲ್ಲಿದ್ದಲು ಕಾಯಿಸಿದರೆ ಫ್ರೀ ರಾಡಿಕಲ್ ಸಾಯುತ್ತವಾ?

ಪ್ರಶ್ನೆ: ಕಲ್ಲಿದ್ದಲನ್ನು ಚೆನ್ನಾಗಿ ಕಾಯಿಸಿದರೆ ಅದರಲ್ಲಿರುವ ಫ್ರೀ ರಾಡಿಕಲ್ ಎಲ್ಲ ಸತ್ತುಹೋಗುತ್ತವೆ, ಅಲ್ವಾ ಸಾರ್?

ಮಂಡ್ಯದಲ್ಲಿ ಕೇಳಿದರು, ಮದ್ದೂರಲ್ಲಿ ಕೇಳಿದರು. ಹೋದ ವಾರ ಮೈಸೂರಲ್ಲಿ ಇಸ್ತ್ರಿ ಅಂಗಡಿ ಮುಂದೆ ನಿಲ್ಲಿಸಿಕೊಂಡೂ ಕೇಳಿದರು. ಇಲ್ಲ ಕಣ್ರಪ್ಪಾ, ಜಾಸ್ತಿಯಾಗುತ್ತವೆ.

ಈ ತಪ್ಪಿನ ಮೂಲ ನನಗೆ ಗೊತ್ತು. ಹಾಲು ಕಾಯಿಸಿದರೆ ಕ್ರಿಮಿ ಸಾಯುತ್ತದೆ. ಫ್ರೀ ರಾಡಿಕಲ್ ಹೆಸರನ್ನು ಮುಖದ ಕ್ರೀಮಿನ ಜಾಹೀರಾತಿನಲ್ಲಿ ಕೇಳಿ, ಅದೂ ಒಂದು ಕ್ರಿಮಿ ಅಂದುಕೊಂಡಿದ್ದೀರಿ. ಅದಕ್ಕೆ ಜೀವವೇ ಇಲ್ಲ, ಸಾಯುವುದೇನು? ಎರಡು ಪರಮಾಣುಗಳನ್ನು ಹಿಡಿದಿರುವುದು ಒಂದು ಜೊತೆ ಎಲೆಕ್ಟ್ರಾನ್. ಶಾಖ ಹೆಚ್ಚಾದರೆ ಆ ಕೊಂಡಿ ಕಿತ್ತು, ಆಚೆಗೊಂದು ಈಚೆಗೊಂದು ಎಲೆಕ್ಟ್ರಾನ್ ಉಳಿಯುತ್ತದೆ. ಹೀಗೆ ಒಂಟಿ ಎಲೆಕ್ಟ್ರಾನ್ ಇಟ್ಟುಕೊಂಡ ತುಂಡೇ ಫ್ರೀ ರಾಡಿಕಲ್. ಒಂದು ಕೊಂಡಿ ಮುರಿದರೆ ಎರಡು ಹುಟ್ಟಿದವು!

ಮತ್ತೆ ಕೂಡಿಕೊಳ್ಳುವುದಿಲ್ವಾ? ಕಲ್ಲಿದ್ದಲಲ್ಲಿ ಕಷ್ಟ. ಇಂಗಾಲದ ಉಂಗುರಗಳು ಒತ್ತೊತ್ತಾಗಿ ಕೂತಿವೆ. ದಸರಾ ಮೆರವಣಿಗೆ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕೈತಪ್ಪಿದವರನ್ನು ಹುಡುಕಿದ ಹಾಗೆ. ಕಾಯಿಸದ ಒಂದು ಗ್ರಾಂ ಕಲ್ಲಿದ್ದಲಲ್ಲೇ ಒಂದರ ಮುಂದೆ 18-19 ಸೊನ್ನೆ ಹಾಕುವಷ್ಟು ಒಂಟಿಗಳಿರುತ್ತವೆ. ಗಾಳಿಯಾಡದ ಪಾತ್ರೆಯಲ್ಲಿ ಕಾಯಿಸಿದರೆ ಸುಮಾರು 500-600 ಡಿಗ್ರಿವರೆಗೆ ಲೆಕ್ಕ ಏರುತ್ತದೆ. ಅದರಾಚೆ ಉಂಗುರಗಳು ಬೆಸೆದು ದೊಡ್ಡ ಹಾಳೆಗಳಾಗಿ, ವಿದ್ಯುತ್ ಹರಿಯತೊಡಗಿ, ಲೆಕ್ಕ ಇಳಿಯುತ್ತದೆ. ನಿಮ್ಮ ಮಾತು ಅಲ್ಲಿ ಅರ್ಧ ನಿಜ. ಎಣಿಸುವುದು ಇಎಸ್‌ಆರ್ ಯಂತ್ರದಿಂದ, ಅಂದರೆ ಒಂಟಿ ಎಲೆಕ್ಟ್ರಾನ್‌ಗಳನ್ನು ಕಾಂತ ಮತ್ತು ಮೈಕ್ರೋವೇವ್‌ನಿಂದ ಪತ್ತೆ ಮಾಡುವ ಯಂತ್ರ. ಆ ವಿದ್ಯೆ 1944ರಲ್ಲಿ ರಷ್ಯಾದ ಕಜಾನ್‌ನಲ್ಲಿ ಭೌತವಿಜ್ಞಾನಿ ಜವೊಯಿಸ್ಕಿ ಕಂಡುಕೊಂಡದ್ದು.

ಕಲ್ಲಿದ್ದಲೊಳಗಿನ ಖನಿಜಗಳ ಕಥೆ ಉಲ್ಟಾ. ಬೆಣಚುಕಲ್ಲಿನ ಪುಡಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಸಿಕ್ಕಿಸಿದ್ದು ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂನ ವಿಕಿರಣ. 300-400 ಡಿಗ್ರಿ ಮುಟ್ಟಿಸಿದರೆ ಬಹಳಷ್ಟು ಬಿಡಿಸಿಕೊಂಡು ಜಾಗಕ್ಕೆ ವಾಪಸ್ ಹೋಗುತ್ತವೆ. ಒಂದೇ ಉಂಡೆ, ಒಂದೇ ಬೆಂಕಿ. ಇಂಗಾಲದಲ್ಲಿ ಏರಿಕೆ, ಬೆಣಚಿನಲ್ಲಿ ಇಳಿಕೆ.

ಹಾಗಾದರೆ ಸುಟ್ಟ ಮಡಕೆಯಲ್ಲಿ? ಇದನ್ನು ಯಾರೂ ಕೇಳಲಿಲ್ಲ, ಕೇಳಬೇಕಿತ್ತು. ಕುಂಬಾರನ ಆವಿಗೆಯಲ್ಲಿ ಮಣ್ಣೊಳಗಿನ ಬೆಣಚಿನಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನ್‌ಗಳ ಲೆಕ್ಕ ಸೊನ್ನೆಯಾಗುತ್ತದೆ. ಆಮೇಲೆ ವರ್ಷ ವರ್ಷವೂ ಮತ್ತೆ ತುಂಬುತ್ತದೆ. ತಿ. ನರಸೀಪುರದ ಹೊಳೆ ದಡದಲ್ಲಿ ಸಿಕ್ಕಿದಂಥ ನವಶಿಲಾಯುಗದ ಮಡಕೆ ಚೂರನ್ನು ಲ್ಯಾಬಿನಲ್ಲಿ ಕಾಯಿಸಿದರೆ, ಸಿಕ್ಕಿಕೊಂಡಿದ್ದ ಎಲೆಕ್ಟ್ರಾನ್‌ಗಳು ಮಿಣುಕು ಬೆಳಕು ಬಿಟ್ಟು ಮನೆ ಸೇರುತ್ತವೆ. ಆ ಬೆಳಕನ್ನು ಅಳೆದು ಮಡಕೆ ಸುಟ್ಟದ್ದು ಯಾವ ಕಾಲದಲ್ಲಿ ಎಂದು ಲೆಕ್ಕ ಹಾಕುತ್ತಾರೆ. ಹಾಗಾಗಿ ಹಳೇ ಚೂರು ಸಿಕ್ಕರೆ, ತೊಳೆದು ಒಲೆ ಮೇಲೆ ಒಣಗಿಸಲು ಮಾತ್ರ ಹೋಗಬೇಡಿ.