ಸ್ಕ್ರೂಬಾಲ್ ಕಾಮಿಡಿ ಅಂದರೆ ಏನು?

1930ರ ದಶಕದ ನಡುವಿನಿಂದ 1940ರ ದಶಕದ ಮೊದಲ ವರ್ಷಗಳ ತನಕ ಹಾಲಿವುಡ್‌ನಲ್ಲಿ ಬಂದ ಒಂದು ಬಗೆಯ ಪ್ರೇಮ ಹಾಸ್ಯಚಿತ್ರಗಳನ್ನು ಸ್ಕ್ರೂಬಾಲ್ ಕಾಮಿಡಿ ಅನ್ನುತ್ತಾರೆ. ಬೇಸ್‌ಬಾಲ್ ಆಟದಲ್ಲಿ ಚೆಂಡು ಸಾಮಾನ್ಯ ತಿರುವಿಗೆ ಉಲ್ಟಾ ಹೊರಳುವ ಎಸೆತ ಸ್ಕ್ರೂಬಾಲ್. ತಿಕ್ಕಲು ಮನುಷ್ಯರನ್ನೂ ಅಮೆರಿಕನ್ನರು ಹಾಗೇ ಕರೆಯುತ್ತಾರೆ.

ನಗಿಸುವ ಪ್ರೇಮಕತೆಗಳೆಲ್ಲ ಸ್ಕ್ರೂಬಾಲ್ ಆಗುವುದಿಲ್ಲ. ಇಲ್ಲಿ ಜಗಳವೇ ಪ್ರೇಮ. ಹೆಣ್ಣು ಮುಂದೆ ನುಗ್ಗುತ್ತಾಳೆ, ಗಂಡು ಕಕ್ಕಾಬಿಕ್ಕಿಯಾಗಿ ಹಿಂದೆ ಓಡುತ್ತಾನೆ. ಮಾತು ಮಾತ್ರ ನಿಲ್ಲುವುದೇ ಇಲ್ಲ.

ಇದನ್ನು ತಿಳಿಯಲು 1938ರ ‘ಬ್ರಿಂಗಿಂಗ್ ಅಪ್ ಬೇಬಿ’ಗಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ. ನಿರ್ದೇಶಕ ಹಾವರ್ಡ್ ಹಾಕ್ಸ್. ಡೈನೋಸಾರ್ ಮೂಳೆಗಳನ್ನು ಜೋಡಿಸುವ ಡೇವಿಡ್‌ಗೆ ಮರುದಿನ ಮದುವೆ. ಮ್ಯೂಸಿಯಂಗೆ ಹತ್ತು ಲಕ್ಷ ಡಾಲರ್ ದೇಣಿಗೆ ಸಿಗುವ ಆಸೆಯೂ ಇದೆ. ಅಷ್ಟರಲ್ಲಿ ಸೂಸನ್ ಬರುತ್ತಾಳೆ, ಜೊತೆಗೆ ‘ಬೇಬಿ’ ಅನ್ನುವ ಪಳಗಿದ ಚಿರತೆ. ಆಮೇಲೆ ಮೂಳೆಯನ್ನು ನಾಯಿ ಹೂತುಹಾಕುತ್ತದೆ, ಎಲ್ಲರೂ ಜೈಲು ಸೇರುತ್ತಾರೆ.

ಡೇವಿಡ್ ಆಗಿರುವುದು ಕ್ಯಾರಿ ಗ್ರಾಂಟ್. ಅಷ್ಟು ಚಂದದ ನಟನಿಗೆ ಹಾಕ್ಸ್ ದುಂಡು ಕನ್ನಡಕ ಹಾಕಿಸಿ, ಮೂಕಿ ಚಿತ್ರಗಳ ಹೆರಾಲ್ಡ್ ಲಾಯ್ಡ್‌ನ ಪೆದ್ದು ಮುಖ ತರಿಸಿದರು. ಸೂಸನ್ ಪಾತ್ರ ಕ್ಯಾಥರಿನ್ ಹೆಪ್‌ಬರ್ನ್ ಅವರದು. ಅವರಿಗೆ ಇಂಥ ಹಾಸ್ಯ ಹೊಸದು. ನಗಿಸಲೇಬೇಕೆಂದು ಮೊದಮೊದಲು ತಾವೇ ಜಾಸ್ತಿ ಮಾಡುತ್ತಿದ್ದರಂತೆ. ಚಿತ್ರದಲ್ಲಿ ಪೊಲೀಸ್ ಆಗಿರುವ ವಾಲ್ಟರ್ ಕ್ಯಾಟ್ಲೆಟ್ ಅನುಭವಿ ಹಾಸ್ಯನಟ. ಗಂಭೀರವಾಗಿದ್ದುಕೊಂಡೇ ನಗಿಸುವುದು ಹೇಗೆಂದು ಅವರೇ ತೋರಿಸಿಕೊಟ್ಟರು. ಈಗ ನೋಡಿದರೆ ಸೂಸನ್ ತನ್ನ ಹುಚ್ಚಾಟವನ್ನೆಲ್ಲ ಪೂರ್ತಿ ನಂಬಿಯೇ ಮಾಡುತ್ತಾಳೆ. ಅದೇ ಈ ಅಭಿನಯದ ಜೀವ. ನಿಸ್ಸಾ ಎಂಬ ನಿಜವಾದ ಚಿರತೆಯ ಜೊತೆಗೂ ಹೆಪ್‌ಬರ್ನ್ ಧೈರ್ಯವಾಗಿ ನಟಿಸಿದರು, ಗ್ರಾಂಟ್‌ಗೆ ಮಾತ್ರ ಅದರ ಹತ್ತಿರ ಹೋಗಲು ಭಯ.

ಆದರೆ ಬಿಡುಗಡೆಯಾದಾಗ ಚಿತ್ರ ನಷ್ಟ ಮಾಡಿತು. ಅದೇ ವರ್ಷ ಥಿಯೇಟರ್ ಮಾಲೀಕರ ಒಂದು ಸಂಘ, ಗಲ್ಲಾಪೆಟ್ಟಿಗೆಗೆ ವಿಷ ಅಂತ ಹೆಪ್‌ಬರ್ನ್ ಸೇರಿ ಹಲವು ತಾರೆಯರ ಹೆಸರು ಹಾಕಿ ಜಾಹೀರಾತು ಕೊಟ್ಟಿತು. ಇದನ್ನು ಓದಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಚಿತ್ರದಲ್ಲಿ ಒಬ್ಬರೂ ಸಾಮಾನ್ಯ ಮನುಷ್ಯರಿಲ್ಲ, ಎಲ್ಲರೂ ತಿಕ್ಕಲರೇ, ಅದೇ ತಪ್ಪಾಯಿತು ಎಂದು ಹಾಕ್ಸ್ ಮುಂದೆ ಹೇಳಿಕೊಂಡರು. ನಾನು ಒಪ್ಪುವುದಿಲ್ಲ. ಎಲ್ಲರೂ ತಿಕ್ಕಲರಾಗಿರುವುದರಿಂದಲೇ ಡೇವಿಡ್‌ಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲ, ಅಲ್ವಾ?

ಜಗಳಕ್ಕೆ ಅಷ್ಟೊಂದು ಜಾಗ ಸಿಕ್ಕಿದ್ದಕ್ಕೆ ಕಾರಣವೂ ಇದೆ. 1934ರ ಮಧ್ಯದಿಂದ ಪ್ರೊಡಕ್ಷನ್ ಕೋಡ್ ಎಂಬ ನೀತಿಸಂಹಿತೆ ಬಿಗಿಯಾಯಿತು. ಗಂಡು ಹೆಣ್ಣಿನ ಸೆಳೆತವನ್ನು ನೇರವಾಗಿ ತೋರಿಸುವುದು ಕಷ್ಟವಾಯಿತು. ಆ ಬಿಸಿಯೆಲ್ಲ ಮಾತಿಗೆ, ಓಟಕ್ಕೆ, ಹರಿದ ಬಟ್ಟೆಗೆ ಇಳಿಯಿತು. ಜೊತೆಗೆ ಅದು ಮಹಾ ಆರ್ಥಿಕ ಕುಸಿತದ ಕಾಲ. ಶ್ರೀಮಂತರು ಪೆದ್ದುಪೆದ್ದಾಗಿ ಆಡುವುದನ್ನು ನೋಡಿ ಜನ ಖುಷಿಪಟ್ಟರು.

ಈ ಬಗೆಗೆ ದಾರಿ ಮಾಡಿಕೊಟ್ಟದ್ದು ಫ್ರಾಂಕ್ ಕಾಪ್ರಾ ಅವರ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’. ಕ್ಲಾರ್ಕ್ ಗೇಬಲ್, ಕ್ಲಾಡೆಟ್ ಕೋಲ್ಬರ್ಟ್ ಇಬ್ಬರಿಗೂ ಆಸ್ಕರ್ ಸಿಕ್ಕಿತು. ಮನೆ ಬಿಟ್ಟು ಓಡಿದ ಸಿರಿವಂತರ ಹುಡುಗಿ, ಕೆಲಸ ಕಳೆದುಕೊಂಡ ಪತ್ರಕರ್ತ, ಒಂದು ಬಸ್ಸು. ಈ ಕತೆ ಹಿಂದಿಯ ‘ದಿಲ್ ಹೈ ಕೆ ಮಾನ್ತಾ ನಹೀ’ ಮೂಲಕ 2007ರಲ್ಲಿ ಗಣೇಶ್ ಅಭಿನಯದ ‘ಹುಡುಗಾಟ’ವಾಗಿ ಕನ್ನಡಕ್ಕೂ ಬಂತು. ಸ್ಕ್ರೂಬಾಲ್ ಹೊಸದು ಅನ್ನುವವರು ಕಾಪ್ರಾ ಚಿತ್ರದಿಂದಲೇ ಶುರು ಮಾಡಬಹುದು. ‘ಬೇಬಿ’ಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಮಾತಾಡುತ್ತಾರೆ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ.