ನಾಟಕದ ಸಾಲಿನ ಪಕ್ಕ ಯಾವ ಇಸವಿ?

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಜಾಲತಾಣದಲ್ಲಿ ‘ಮ್ಯಾಕ್‌ಬೆತ್’ ನಾಟಕದಿಂದ ಎತ್ತಿಕೊಂಡ ಸಾಲುಗಳ ಪಕ್ಕದಲ್ಲಿ ‘1616ಕ್ಕೆ ಮೊದಲು’ ಎಂಬ ಅರ್ಥದ ಗುರುತಿರುತ್ತದೆ. ಜೊತೆಗೆ ಆವರಣದೊಳಗೆ 1623 ಎಂದೂ ಇರುತ್ತದೆ. ಷೇಕ್ಸ್‌ಪಿಯರ್ ಈ ನಾಟಕವನ್ನು ಬರೆದದ್ದು 1606ರ ಸುಮಾರಿಗೆ ಎಂದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಇದೇ ನಿಘಂಟಿನ ಮೊದಲ ಆವೃತ್ತಿ 1605 ಎಂದು ನಮೂದಿಸಿತ್ತು. ಈಗ ಆ ಇಸವಿಯನ್ನು ಕೈಬಿಟ್ಟಿದ್ದೇಕೆ? 1616 ಕವಿ ತೀರಿಕೊಂಡ ವರ್ಷ, 1623 ನಾಟಕ ಮೊದಲ ಬಾರಿಗೆ ಅಚ್ಚಾದ ವರ್ಷ. ಎರಡಕ್ಕೂ ದಾಖಲೆಯಿದೆ. 1605 ಆಗಲಿ 1606 ಆಗಲಿ ಊಹೆ, ಎಷ್ಟೇ ಬಲವಾಗಿದ್ದರೂ ಊಹೆಯೇ.

ಮೊದಲಿಗೆ ಈ ತಕರಾರೇ ಇರಲಿಲ್ಲ. 1755ರಲ್ಲಿ ಹೊರಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲಿ ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು, ಆದರೆ ಅವುಗಳ ಪಕ್ಕ ಇಸವಿ ಇರಲಿಲ್ಲ. ಕವಿಯ ಹೆಸರಿದ್ದರೆ ಸಾಕು, ಕೃತಿಯ ಹೆಸರು ಎಷ್ಟೋ ಕಡೆ ಇಲ್ಲ. ಜಾಗ ಸಾಲದಿದ್ದಲ್ಲಿ ಆತ ಸಾಲುಗಳನ್ನೇ ಕತ್ತರಿಸಿ ಹೊಂದಿಸಿದ್ದೂ ಉಂಟು. ಅಮೆರಿಕದ ವೆಬ್‌ಸ್ಟರ್ ನಿಘಂಟಂತೂ ‘ಷೇಕ್’ ಎಂಬ ಮೊಟಕು ಹೆಸರಿನಲ್ಲೇ ಕೆಲಸ ಮುಗಿಸಿತು. ಉಲ್ಲೇಖವೆಂದರೆ ಹಿರಿಯ ಕವಿಯ ಮುದ್ರೆ, ಅಷ್ಟೇ.

1857ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದ ಮುಂದೆ ಪಾದ್ರಿ, ವಿದ್ವಾಂಸ ರಿಚರ್ಡ್ ಚೆನೆವಿಕ್ಸ್ ಟ್ರೆಂಚ್ ಪ್ರಬಂಧಗಳನ್ನು ಓದಿದ ಮೇಲೆ ನೋಟ ಬದಲಾಯಿತು. ನಿಘಂಟುಕಾರ ಭಾಷೆಯ ಇತಿಹಾಸಕಾರ ಎಂಬುದು ಆತನ ವಾದ. ಇತಿಹಾಸ ಎಂದ ಮೇಲೆ ಇಸವಿ ಬೇಕು. ಆ ನೋಟದಿಂದಲೇ ಹುಟ್ಟಿದ ಆಕ್ಸ್‌ಫರ್ಡ್ ನಿಘಂಟಿಗೆ 1879ರಲ್ಲಿ ಸಂಪಾದಕನಾದ ಜೇಮ್ಸ್ ಮರ್ರೆಗೆ ಸ್ವಯಂಸೇವಕ ಓದುಗರು ಚೀಟಿಗಳನ್ನು ಕಳುಹಿಸಿದರು: ಪದ, ಇಸವಿ, ಲೇಖಕ, ಕೃತಿ, ಪುಟ, ವಾಕ್ಯ.

ಗದ್ಯಗ್ರಂಥವಾದರೆ ಮುಖಪುಟ ನೋಡಿ ಇಸವಿ ಬರೆದುಕೊಳ್ಳಬಹುದು. ನಾಟಕದ ಹಾದಿ ಬೇರೆ. ಹಸ್ತಪ್ರತಿ ನಾಟಕ ಮಂಡಳಿಯ ಸ್ವತ್ತು. ಅಚ್ಚಿಗೆ ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. 1623ರ ಫೋಲಿಯೊ (ದೊಡ್ಡ ಅಳತೆಯ) ಸಂಪುಟದಲ್ಲಿರುವ ಷೇಕ್ಸ್‌ಪಿಯರನ 36 ನಾಟಕಗಳಲ್ಲಿ ಅರ್ಧದಷ್ಟು ಅದಕ್ಕೆ ಮುಂಚೆ ಅಚ್ಚನ್ನೇ ಕಂಡಿರಲಿಲ್ಲ. ಅಚ್ಚಾದವುಗಳದ್ದು ಇನ್ನೊಂದು ಪಾಡು. ‘ಹ್ಯಾಮ್ಲೆಟ್’ನ ಮೊದಲ ಸ್ವಗತದಲ್ಲಿ ರಾಜಕುಮಾರ ತನ್ನ ಮೈಯನ್ನು ಬಣ್ಣಿಸಲು ಬಳಸುವ ವಿಶೇಷಣ 1603 ಮತ್ತು 1604ರ ಕ್ವಾರ್ಟೊ (ಸಣ್ಣ ಅಳತೆಯ ಬಿಡಿ) ಪ್ರತಿಗಳಲ್ಲಿ ‘ಸ್ಯಾಲೀಡ್’, ಫೋಲಿಯೊದಲ್ಲಿ ‘ಸಾಲಿಡ್’. ಯಾವುದು ಕವಿಯ ಮಾತು, ಯಾವುದು ಮೊಳೆ ಜೋಡಿಸಿದವನ ಕೈತಪ್ಪು? ಪ್ರತಿಯನ್ನು ಹೆಸರಿಸದೆ ಕೊಟ್ಟ ಉಲ್ಲೇಖಕ್ಕೆ ಇಲ್ಲಿ ಬೆಲೆಯೇ ಇಲ್ಲ.

ಮರ್ರೆಯ ಓದುಗರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಮೂಲಪ್ರತಿಗಳಲ್ಲ. ಷೇಕ್ಸ್‌ಪಿಯರನಿಗೆ 1864ರ ಗ್ಲೋಬ್ ಆವೃತ್ತಿ, ಉಳಿದ ಹಳೆಯ ನಾಟಕಗಳಿಗೆ 1870ರ ದಶಕದಲ್ಲಿ ಹ್ಯಾಜ್ಲಿಟ್ ಮರುಸಂಪಾದಿಸಿದ, ಡಾಡ್ಸ್‌ಲಿಯ ಹಳೆಯ ನಾಟಕಸಂಗ್ರಹದ 15 ಸಂಪುಟಗಳು. ಎರಡರಲ್ಲೂ ಕಾಗುಣಿತವನ್ನು ಹೊಸಕಾಲಕ್ಕೆ ತಿದ್ದಲಾಗಿತ್ತು. ಪದದ ಹಳೆಯ ರೂಪ ಹುಡುಕಲು ಹೊರಟವರಿಗೆ ತಿದ್ದಿದ ರೂಪವೇ ಸಾಕ್ಷಿಯಾಗಿ ಸಿಕ್ಕಿತು!

ಮಧ್ಯಯುಗದ ಧಾರ್ಮಿಕ ನಾಟಕಗಳದ್ದು ಇನ್ನೂ ದೊಡ್ಡ ಗೋಜಲು. ಚೆಸ್ಟರ್ ಪಟ್ಟಣದ ನಾಟಕಚಕ್ರದ (ಬೈಬಲ್ ಕಥೆಗಳ ನಾಟಕಮಾಲೆಯ) ಪೂರ್ಣ ಹಸ್ತಪ್ರತಿಗಳೆಲ್ಲ 1591 ಮತ್ತು 1607ರ ನಡುವೆ ನಕಲಾದವು, ಆ ಹೊತ್ತಿಗೆ ಆಟವೇ ನಿಂತುಹೋಗಿತ್ತು. ‘ಕೊವೆಂಟ್ರಿ ನಾಟಕಗಳು’ ಎಂದು ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿ ಉಲ್ಲೇಖಿಸಿದವು ಕೊವೆಂಟ್ರಿಯವೇ ಅಲ್ಲ. 17ನೇ ಶತಮಾನದ ಗ್ರಂಥಪಾಲಕನೊಬ್ಬ ತಪ್ಪಾಗಿ ಅಂಟಿಸಿದ ಹೆಸರದು. ಮಿಚಿಗನ್ ವಿಶ್ವವಿದ್ಯಾಲಯದ ಮಧ್ಯಕಾಲೀನ ಇಂಗ್ಲಿಷ್ ನಿಘಂಟು ಇಂಥ ಕಡೆ ಎರಡು ಇಸವಿ ಕೊಡುತ್ತದೆ: ಮೊದಲು ಹಸ್ತಪ್ರತಿಯದು, ಆವರಣದಲ್ಲಿ ರಚನೆಯದು. ನನಗೆ ಕಂಡಂತೆ ಇದಕ್ಕಿಂತ ಪ್ರಾಮಾಣಿಕ ದಾರಿಯಿಲ್ಲ.

ಇಷ್ಟೆಲ್ಲ ಇಸವಿಯ ಜಗಳ ಪಂಡಿತರದ್ದಲ್ಲವೇ ಎನ್ನಬಹುದು. ಆದರೆ ‘ಈ ಪದವನ್ನು ಮೊದಲು ಬಳಸಿದವನು ಷೇಕ್ಸ್‌ಪಿಯರ್’ ಎಂಬ ಜನಪ್ರಿಯ ಪಟ್ಟಿಗಳು ಹುಟ್ಟಿದ್ದು ಇಲ್ಲಿಂದಲೇ. ಆತನ ಪದಗಳಿಗೆ 19ನೇ ಶತಮಾನದಲ್ಲೇ ಪದಸೂಚಿ, ಪದಕೋಶಗಳು ಸಿದ್ಧವಾಗಿದ್ದವು. ಸಮಕಾಲೀನರಲ್ಲಿ ಹೆಚ್ಚಿನವರಿಗೆ ಆ ಭಾಗ್ಯವಿರಲಿಲ್ಲ. ಜರ್ಮನ್ ವಿದ್ವಾಂಸ ಯೂರ್ಗನ್ ಷೇಫರ್ 1980ರಲ್ಲಿ ಷೇಕ್ಸ್‌ಪಿಯರನ ಪದಗಳನ್ನು ಸಮಕಾಲೀನ ಲೇಖಕ ಥಾಮಸ್ ನ್ಯಾಶ್‌ನ ಬರಹಗಳೊಂದಿಗೆ ಹೋಲಿಸಿ, ಓದುಗರ ಕಣ್ಣು ಎತ್ತ ವಾಲಿತ್ತೆಂದು ತೋರಿಸಿಕೊಟ್ಟರು. ಆ ಕಾಲದ ಪುಸ್ತಕಗಳಲ್ಲಿ ಸುಮಾರು 25,000ದ ಪಠ್ಯಗಳು 2015ರಲ್ಲಿ ಎಲ್ಲರಿಗೂ ಮುಕ್ತವಾದ ಮೇಲೆ ಇನ್ನೂ ಹಳೆಯ ಪ್ರಯೋಗಗಳನ್ನು ಹುಡುಕುವುದು ಸುಲಭವಾಗಿದೆ.

2002ರಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಿಘಂಟು ವಿಕ್ಷನರಿಗೆ ಬಳುವಳಿಯಾಗಿ ಬಂದದ್ದು ಮತ್ತೆ ಆ ‘ಷೇಕ್’. ಹಕ್ಕುಸ್ವಾಮ್ಯ ತೀರಿದ 1913ರ ವೆಬ್‌ಸ್ಟರಿನಿಂದ ಸಾವಿರಾರು ನಮೂದುಗಳನ್ನು ಅದು ಆಮದು ಮಾಡಿಕೊಂಡಿತು. ಬರಿಯ ಹೆಸರು ಉಳಿದ ಕಡೆಗಳಲ್ಲಿ ‘ಷೇಕ್ಸ್‌ಪಿಯರನ ಉಲ್ಲೇಖ ಹುಡುಕಿ ಸೇರಿಸಬಹುದೇ?’ ಎಂಬ ಕೋರಿಕೆ ಹಾಕಲಾಯಿತು. ಸ್ವಯಂಸೇವಕರು ಫೋಲಿಯೊ, ಕ್ವಾರ್ಟೊಗಳ ಸ್ಕ್ಯಾನ್ ಪುಟಗಳನ್ನು ತೆರೆದು ಅಂಕ, ದೃಶ್ಯ, ಪುಟಸಂಖ್ಯೆಯೊಂದಿಗೆ ಅವನ್ನು ತುಂಬುತ್ತಿದ್ದಾರೆ. ಒಂದೊಂದು ನಾಟಕಕ್ಕೂ ಪ್ರತ್ಯೇಕ ಉಲ್ಲೇಖ ಟೆಂಪ್ಲೇಟ್ (ಹಲವು ಪುಟಗಳಲ್ಲಿ ಬಳಸುವ ಸಿದ್ಧ ಅಚ್ಚು) ಮಾಡಿಕೊಂಡರೆ, ಅಲ್ಲಿ ಇಸವಿಯನ್ನೋ ಕರ್ತೃವನ್ನೋ ತಿದ್ದಿದಾಗ ಆ ನಾಟಕವನ್ನು ಉದ್ಧರಿಸಿದ ಪುಟಗಳೆಲ್ಲ ಬದಲಾಗುತ್ತವೆ. ಕರ್ತೃವಿನ ಹೆಸರಿಲ್ಲದೆ ಅಚ್ಚಾಗಿ, ಬಹುಕಾಲ ನಾಟಕಕಾರ ಸಿರಿಲ್ ಟರ್ನರ್ ಖಾತೆಯಲ್ಲಿದ್ದು, ಈಗ ಹೆಚ್ಚಿನ ವಿದ್ವಾಂಸರು ಮತ್ತೊಬ್ಬ ನಾಟಕಕಾರ ಥಾಮಸ್ ಮಿಡಲ್ಟನ್‌ಗೆ ಒಪ್ಪಿಸಿರುವ ‘ರಿವೆಂಜರ್ಸ್ ಟ್ರಾಜಿಡಿ’ಯಂಥ ನಾಟಕಗಳಿಗೆ ಈ ಅನುಕೂಲ ತೀರಾ ಅಗತ್ಯ.