ಕಂಪ್ಯೂಟರಿನ ಗಣಿತ ಪಾಠ: ಕೆಂಪು ಗುರುತಿನಾಚೆ ಏನಿದೆ?

52ರಲ್ಲಿ 37 ಕಳೆದರೆ ಎಷ್ಟು? ಮಗು 25 ಎಂದು ಒತ್ತುತ್ತದೆ. ಪರದೆಯಲ್ಲಿ ಕೆಂಪು ಗುರುತು: 'ತಪ್ಪು, ಮತ್ತೆ ಪ್ರಯತ್ನಿಸಿ'. ಮಗು ಮತ್ತೆ ಲೆಕ್ಕ ಮಾಡುತ್ತದೆ. ಮತ್ತೆ 25. ತಪ್ಪು ಅಂತ ಗೊತ್ತಾಯ್ತು, ಎಲ್ಲಿ ತಪ್ಪಿದೆ ಅಂತ ಗೊತ್ತಾಗಲಿಲ್ಲ.

ಈ ಕೆಂಪು ಗುರುತು ಕಂಪ್ಯೂಟರಿಗಿಂತ ಹಳೆಯದು. 1920ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸಿಡ್ನಿ ಪ್ರೆಸ್ಸಿ ಗುಂಡಿ ಒತ್ತಿ ಉತ್ತರಿಸುವ ಯಂತ್ರ ಮಾಡಿದರು. 1950ರ ದಶಕದಲ್ಲಿ ಬಿ.ಎಫ್. ಸ್ಕಿನ್ನರ್ ಪಾಠವನ್ನು ಚೂರು ಚೂರು ಮಾಡಿ, ಉತ್ತರ ಸರಿಯೇ ಎಂದು ಕೂಡಲೇ ತಿಳಿಸುವ ಯಂತ್ರ ತಂದರು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಕಂಪ್ಯೂಟರಿನಲ್ಲೇ ಪಾಠ ಹೇಳುವ ಪ್ಲೇಟೊ ಎಂಬ ವ್ಯವಸ್ಥೆ ಬಂತು.

ಉತ್ತರ ಮಾತ್ರ ನೋಡುವ ಈ ರೀತಿಗೆ ಒಂದು ದೊಡ್ಡ ಪೆಟ್ಟು ಬಿದ್ದದ್ದು 1973ರಲ್ಲಿ, ಅದೂ ಕಾಗದದ ಪಾಠದಲ್ಲಿ. ತಾನೇ ಓದಿ ಮುಂದೆ ಹೋಗುವ ಇಂಥದೇ ಕ್ರಮದಲ್ಲಿ ಕಲಿಯುತ್ತಿದ್ದ ಹನ್ನೆರಡರ ಹುಡುಗನನ್ನು ಎರ್ಲ್‌ವಾಂಗರ್ ಎಂಬ ಸಂಶೋಧಕರು ಮಾತಾಡಿಸಿದರು. ಲೇಖನದಲ್ಲಿ ಅವನ ಹೆಸರು ಬೆನ್ನಿ. ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಪಾಸಾಗುತ್ತಿದ್ದ. ಆದರೆ ಅವನ ಪ್ರಕಾರ ಹತ್ತರಲ್ಲಿ ಎರಡು ಭಾಗ (2/10) ಅಂದರೆ 1.2! ಮೇಲಿನದು, ಕೆಳಗಿನದು ಕೂಡಿಸಿ ನಡುವೆ ಚುಕ್ಕಿ ಇಟ್ಟಿದ್ದ. ಇಂಥ ನಿಯಮಗಳನ್ನು ತಾನೇ ಕಟ್ಟಿಕೊಂಡಿದ್ದ, ಯಾರೂ ಕೇಳಿರಲಿಲ್ಲ.

1978ರಲ್ಲಿ ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು ಇದನ್ನೇ ಕಂಪ್ಯೂಟರಿಗೆ ತಂದರು. ಕಳೆಯುವ ಲೆಕ್ಕದಲ್ಲಿ ಮಕ್ಕಳು ಎಷ್ಟೋ ಸಲ ಸುಮ್ನೆ ತಪ್ಪುವುದಿಲ್ಲ, ಒಂದು ತಪ್ಪು ನಿಯಮವನ್ನು ಶಿಸ್ತಾಗಿ ಪಾಲಿಸುತ್ತಾರೆ ಎಂದು ತೋರಿಸಿದರು. ನಮ್ಮ ಮಗುವಿನ ನಿಯಮವೂ ಅಂಥದೇ: ಪ್ರತಿ ಸ್ಥಾನದಲ್ಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆ. 7ರಲ್ಲಿ 2 ಹೋದರೆ 5, 5ರಲ್ಲಿ 3 ಹೋದರೆ 2. ಇಡೀ ಚರಿತ್ರೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಘಟ್ಟ ಇದು. ತಪ್ಪನ್ನು ಓದಬಹುದು ಅಂತಾಯ್ತಲ್ಲ!

1980ರ ದಶಕದಲ್ಲಿ ಅಮೆರಿಕದ ಕಾರ್ನಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಆಂಡರ್ಸನ್ ತಂಡ ಉತ್ತರದ ಬದಲು ಪ್ರತಿ ಹೆಜ್ಜೆಯನ್ನೂ ನೋಡುವ ಪಾಠ ಕಟ್ಟಿತು. 2011ರಲ್ಲಿ ವ್ಯಾನ್‌ಲೆನ್ ಎಂಬ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಹೆಜ್ಜೆ ನೋಡುವ ಪಾಠಗಳು ಒಬ್ಬರಿಗೊಬ್ಬರು ಕೂತು ಕಲಿಸುವುದಕ್ಕೆ ಹತ್ತಿರ ಬಂದಿದ್ದವು. ಉತ್ತರ ಮಾತ್ರ ನೋಡುವವು ಹಿಂದೆ ಬಿದ್ದಿದ್ದವು. ತೊಡಕು ಇಲ್ಲೂ ಇತ್ತು. ಸುಳಿವಿನ ಗುಂಡಿ ಒತ್ತುತ್ತಾ ಹೋದರೆ ಕೊನೆಗೆ ಉತ್ತರವೇ ಸಿಗುತ್ತದೆ. ಮಕ್ಕಳು ಅದನ್ನು ಬೇಗ ಕಂಡುಕೊಂಡರು.

ಆಮೇಲೆ ವಿಡಿಯೊ, ಆ್ಯಪ್, ಅಂಕ, ಬ್ಯಾಡ್ಜ್. ಹೆಜ್ಜೆ ನೋಡುವ ಪಾಠ ಕಟ್ಟಲು ತಿಂಗಳುಗಳು ಬೇಕು, ಕೆಂಪು-ಹಸಿರಿಗೆ ಒಂದು ದಿನ ಸಾಕು. ಯಾವುದು ಹೆಚ್ಚು ಹುಟ್ಟಬಹುದು ಅಂತ ಊಹಿಸಬಹುದು, ಅಲ್ವಾ? ಅಂಥದೊಂದರಲ್ಲಿ ಅದೇ ಮಗುವಿಗೆ 57ರಲ್ಲಿ 32 ಕಳೆಯಲು ಕೊಡಿ. ಅದೇ ನಿಯಮ, ಅದೇ 25. ಈ ಸಲ ಹಸಿರು.